ಜಪಾನಿನ ಸಿಹಿ ಸಸ್ಯಾಹಾರಿಗಳಿಗೆ ಆಗುತ್ತಾ?

ಹೋಳಿಗೆಪ್ರಿಯ: ಜೂನ್ ಕೊನೆಗೆ ಅಮ್ಮನ ಜೊತೆ ಕ್ಯೋಟೋಗೆ ಹೋಗುತ್ತಿದ್ದೇನೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಸಾಂಪ್ರದಾಯಿಕ ಸಿಹಿ, ವಾಗಾಶಿ, ತಿನ್ನಬಹುದಾ? ತುಪ್ಪ, ಹಾಲು ಇಲ್ಲದೆ ಅದೆಂಥ ಸಿಹಿ?

ಕಾಮೋದಡ: ಧಾರಾಳವಾಗಿ ತಿನ್ನಬಹುದು. ನಾನು ಇಲ್ಲೇ ಇರುವವಳು. ಜಾಸ್ತಿ ಕಾಣುವುದು ಅಜುಕಿ ಅನ್ನೋ ಕೆಂಪು ಕಾಳು, ಅಕ್ಕಿ ಹಿಟ್ಟು, ಸಕ್ಕರೆ. ಕಾಳು ಬೇಯಿಸಿ, ಸಿಪ್ಪೆ ಸೋಸಿ, ಸಕ್ಕರೆ ಹಾಕಿ ಮಗುಚುತ್ತಾರೆ. ಥೇಟ್ ನಮ್ಮ ಹೂರಣ, ಏಲಕ್ಕಿ ಮಾತ್ರ ಇಲ್ಲ. ಇದೇ ಹೂರಣವನ್ನು ಗಟ್ಟಿ ಮಾಡಿ ಕುಯ್ಯುವ ಸಿಹಿ ಯೋಕಾನ್. ಅದು ಗಟ್ಟಿಯಾಗುವುದೂ ಕಡಲಪಾಚಿಯ ಅಗರ್‌ನಿಂದ. ತಮಾಷೆ ಅಂದ್ರೆ, ಯೋಕಾನ್‌ನ ಮೂಲ ಚೀನಾದ ಕುರಿಮಾಂಸದ ಸೂಪು! ಮಾಂಸ ತಿನ್ನದ ಝೆನ್ ಸನ್ಯಾಸಿಗಳು ಅದರ ಬದಲು ಕಾಳು ಬಳಸಿದರು.

ಜೂನ್ 30ಕ್ಕೆ ಇಲ್ಲಿದ್ದರೆ ಮಿನಾಜುಕಿ ಬಿಡಬೇಡಿ. ಬಿಳೀ ತ್ರಿಕೋನ, ಮೇಲೆಲ್ಲ ಅಜುಕಿ, ಕಚ್ಚಿದರೆ ಮೆತ್ತಗೆ ಜಗ್ಗುತ್ತದೆ. ಹಿಂದೆ ಬೇಸಿಗೆಯಲ್ಲಿ ಐಸ್ ಅರಮನೆಯವರ ಸೊತ್ತು. ಉಳಿದವರು ಐಸ್ ತುಂಡಿನ ಆಕಾರದ ಈ ಸಿಹಿ ಮಾಡಿಕೊಂಡರು ಅಂತಾರೆ.

ನಾಗಸಾಕಿಬಸ್: ಒಂದು ಎಚ್ಚರಿಕೆ. ಕಾಸುತೇರಾ ಅನ್ನೋ ಕೇಕ್, ಹೂರಣ ತುಂಬಿದ ದೊರಾಯಾಕಿ ಎರಡರಲ್ಲೂ ಮೊಟ್ಟೆ ಇರುತ್ತದೆ. ಕಾಸುತೇರಾ 16ನೇ ಶತಮಾನದಲ್ಲಿ ಪೋರ್ಚುಗೀಸರಿಂದ ಬಂದದ್ದು. ಕೊಂಪೇತೋ ಅನ್ನೋ ಪುಟ್ಟ ಮಿಠಾಯಿ ಕೂಡ ಅವರದ್ದೇ, ಆದರೆ ಅದು ಬರೀ ಸಕ್ಕರೆ. 1569ರಲ್ಲಿ ಪಾದ್ರಿ ಲೂಯಿಸ್ ಫ್ರೋಯಿಸ್ ಅದನ್ನೇ ಜಪಾನಿನ ಸೇನಾಧಿಪತಿ ಓದಾ ನೊಬುನಾಗಾಗೆ ಕೊಟ್ಟಿದ್ದರು.

ಹೋಳಿಗೆಪ್ರಿಯ: ಅಮ್ಮನಿಗೆ ಸಪ್ಪೆ ಅನಿಸಿದರೆ?

ಕಾಮೋದಡ: ಸುಮ್ನೆ ಹಾಗೇ ಕೊಡಬೇಡಿ, ಮಚ್ಚಾ (ಹಸಿರು ಚಹಾಪುಡಿಯ ಚಹಾ) ಜೊತೆ ಕೊಡಿ. ಮೊದಲು ಸಿಹಿ, ಆಮೇಲೆ ಆ ಕಹಿ ಚಹಾ. ಯೋಕಾನ್ ತೆಳ್ಳಗೆ ಕುಯ್ಯಿರಿ. ಅದು ಸಪ್ಪೆಯಲ್ಲ, ಗಂಟಲು ಕಟ್ಟುವಷ್ಟು ಸಿಹಿ!