ಏಳು ವಾರ ಮಕ್ಕಳನ್ನ ಕಾಡಿಗೆ ಕಳಿಸ್ತಾರೆ! ಯೆಹೂದಿ ಸಮ್ಮರ್ ಕ್ಯಾಂಪ್ ಬಗ್ಗೆ ಗೊತ್ತಿರೋರು ಹೇಳಿ

ಎಡಿಸನ್_ಅಮ್ಮ:

ನ್ಯೂಜೆರ್ಸಿಗೆ ಬಂದು ಮೂರು ವರ್ಷ ಆಯ್ತು. ಪಕ್ಕದ ಮನೆಯವರು ಯೆಹೂದಿಗಳು. ಅವರ ಮಗಳು, ನನ್ನ ಮಗಳ ವಾರಿಗೆಯವಳೇ, ಹತ್ತು ವರ್ಷ. ಜೂನ್ ಕೊನೇಲಿ ತನ್ನಷ್ಟೇ ಉದ್ದದ ಎರಡು ಚೀಲ ತುಂಬ್ಕೊಂಡು ಹೋದವಳು ಬಂದಿದ್ದು ಆಗಸ್ಟ್‌ನಲ್ಲಿ. ಫೋನಿಲ್ಲ. ಸ್ಟಾಂಪ್ ಹಚ್ಚಿ ಕಾಗದ ಬರೀಬೇಕಂತೆ! ಬಂದವಳು ಕಾರಿಂದ ಇಳಿದು ಗಳಗಳ ಅತ್ಲು. ಪಾಪ, ಅಮ್ಮನ್ನ ನೋಡಿ ಅಂದ್ಕೊಂಡೆ. ಅಲ್ವಂತೆ, ಕ್ಯಾಂಪ್ ಮುಗೀತಲ್ಲ ಅಂತ. ಈಗ ಊಟ ಆದ್ಮೇಲೆ ಮೇಜು ಬಡಿದು ಹಾಡ್ತಾಳೆ, ನೋಡಿ ನನ್ನ ಮಗಳೂ ಬಡಿಯೋಕೆ ಶುರು ಮಾಡಿದಾಳೆ. ಅವರಮ್ಮನ್ನ ಕೇಳಿದ್ರೆ, "ನಾನೂ ಅಲ್ಲಿಗೇ ಹೋಗ್ತಿದ್ದೆ, ನನ್ನ ತಾಯೀನೂ" ಅಂತ ನಕ್ರು. ಇದೇನು ಪದ್ಧತಿ, ಎಲ್ಲಿಂದ ಬಂತು? ಕಲರ್ ವಾರ್ ಅಂದ್ರೇನು? ನನ್ನ ಮಗಳೂ ಹೋಗ್ತೀನಿ ಅಂತ ಹಟ ಹಿಡಿದಿದಾಳೆ.

ದಾವಣಗೆರೆ_ಬೆಣ್ಣೆ:

ನಮ್ಮನ್ನ ಬೇಸಿಗೆ ರಜಕ್ಕೆ ಅಜ್ಜಿ ಮನೆಗೆ ತಳ್ತಿರ್ಲಿಲ್ವಾ? ಅದೇ ಇದು. ಇಲ್ಲಿ ಅಜ್ಜಿ ಸಾವಿರಾರು ಡಾಲರ್ ಫೀಸ್ ತಗೋತಾಳೆ, ಅಷ್ಟೇ ವ್ಯತ್ಯಾಸ.

ಸಾಗರದ_ಮಾಣಿ:

ಅಕ್ಕಾ, ಕಾಲೇಜಲ್ಲಿದ್ದಾಗ ಜೆ-1 ವೀಸಾ ಮೇಲೆ ಎರಡು ಬೇಸಿಗೆ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟದಲ್ಲಿ ಇಂಥದೇ ಒಂದು ಕ್ಯಾಂಪಿನ ಅಡುಗೆಮನೇಲಿ ಪಾತ್ರೆ ತೊಳೆದವನು ನಾನು. ಮಾಣಿ ಅಂತ ಹೆಸರು ಸುಮ್ಮನೆ ಇಟ್ಕೊಂಡಿದ್ದಲ್ಲ.

ಶುರುವಾಗಿದ್ದು ಬಡತನದಿಂದ. 1900ರ ಆಸುಪಾಸಲ್ಲಿ ರಷ್ಯಾ ಕಡೆಯಿಂದ ಬಂದ ಯೆಹೂದಿಗಳು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನ ವಠಾರಗಳಲ್ಲಿ ಒತ್ತಿಕೊಂಡು ಬದುಕ್ತಿದ್ರು. ಗಾಳಿಯಿಲ್ಲ, ಬೆಳಕಿಲ್ಲ, ಕ್ಷಯ ಬೇರೆ. ಆ ಮಕ್ಕಳಿಗೆ ಬೇಸಿಗೇಲಿ ಒಂದಿಷ್ಟು ದಿನವಾದ್ರೂ ಹಸಿರು, ಹೊಟ್ಟೆ ತುಂಬ ಊಟ ಸಿಗಲಿ ಅಂತ 1902ರಲ್ಲಿ ಹಡ್ಸನ್ ನದಿ ಕಡೆ ಕೋಲ್ಡ್ ಸ್ಪ್ರಿಂಗ್ ಹತ್ತಿರ ಸರ್ಪ್ರೈಸ್ ಲೇಕ್ ಕ್ಯಾಂಪ್ ಶುರುವಾಯ್ತು. ಅದು ಈಗಲೂ ಇದೆ. ಅಜ್ಜಿ ಸಾಕಿದ ಅನಾಥ ಹುಡುಗ ಎಡ್ಡಿ ಕ್ಯಾಂಟರ್ ಅಲ್ಲಿಗೆ ಹೋಗಿದ್ದ, ಮುಂದೆ ದೊಡ್ಡ ಹಾಸ್ಯನಟ ಆದ. ಗಾಯಕ ನೀಲ್ ಡೈಮಂಡ್ ಕೂಡ ಅಲ್ಲಿಯವನೇ.

ಆಮೇಲೆ ಚಿಂತೆ ಬದಲಾಯ್ತು. ಹೊಟ್ಟೆ ತುಂಬಿತು, ಮಕ್ಕಳು ಇಂಗ್ಲಿಷಿನವರಾದ್ರು. ಭಾನುವಾರದ ಎರಡು ಗಂಟೆ ಧರ್ಮ, ಹೀಬ್ರೂ ಕ್ಲಾಸಿಂದ ಏನೂ ಆಗ್ತಿರಲಿಲ್ಲ. (ಕನ್ನಡ ಕಲಿ ತರಗತಿಗೆ ಮಕ್ಕಳನ್ನ ಎಳ್ಕೊಂಡು ಹೋಗೋರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.) ಹಾಗಾಗಿ ಪಾಠ ಬೇಡ, ಇಡೀ ದಿನವನ್ನೇ ಹೀಬ್ರೂ ಭಾಷೇಲೋ, ಯೆಹೂದಿ ಆಚಾರದಲ್ಲೋ ಕಳೀಲಿ ಅಂತ ಕ್ಯಾಂಪ್ ಕಟ್ಟಿದ್ರು. 1919ರಲ್ಲಿ ಸೆಜ್ವಿನ್, 1941ರಲ್ಲಿ ಮಸ್ಸಾದ್. ಮಸ್ಸಾದ್‌ನಲ್ಲಿ ಬೇಸ್‌ಬಾಲ್ ಕೂಡ ಹೀಬ್ರೂನಲ್ಲೇ! ಭಾಷಾಶಾಸ್ತ್ರದ ನೋಮ್ ಚಾಮ್ಸ್ಕಿ ಹುಡುಗನಾಗಿ ಅಲ್ಲಿದ್ದವರು. ಅಷ್ಟರಲ್ಲಿ ಹಿಟ್ಲರ್ ಯುರೋಪಿನ ಯೆಹೂದಿ ಊರುಗಳನ್ನೇ ಇಲ್ಲವಾಗಿಸಿದ. ಅಲ್ಲಿವರೆಗೆ ಪಂಡಿತರು, ಗುರುಗಳು ಅಲ್ಲಿಂದ ಬರ್ತಿದ್ರು. ಇನ್ನು ಇಲ್ಲೇ ಬೆಳೆಸಬೇಕಿತ್ತು. 1947ರಲ್ಲಿ ವಿಸ್ಕಾನ್ಸಿನ್‌ನ ಕಾನೋವರ್‌ನಲ್ಲಿ ಮೊದಲ ರಾಮಾ (ಹೀಬ್ರೂ ಹೆಸರು, ನಮ್ಮ ರಾಮ ಅಲ್ಲ) ಕ್ಯಾಂಪ್ ತೆರೆದದ್ದು ಆ ಒತ್ತಡದಲ್ಲಿ. ಬೆಣ್ಣೆ ಅವರೇ, ಅಜ್ಜಿ ಮನೆ ಅಂದ್ರಲ್ಲ, ಅವರಲ್ಲಿ ಎಷ್ಟೋ ಜನರ ಅಜ್ಜಿ ಮನೆ ಆಗ ಉಳಿದೇ ಇರಲಿಲ್ಲ.

ಸರಿ, ಅಡುಗೆಮನೆಗೆ ಬರ್ತೀನಿ. ಮಾಂಸ, ಹಾಲು ಬೆರೆಸಬಾರದು ಅನ್ನೋದು ಕೋಷರ್ ಅನ್ನೋ ಅವರ ಊಟದ ನಿಯಮಗಳಲ್ಲೊಂದು. ಮಾಂಸಕ್ಕೊಂದು, ಹಾಲು ಬೆಣ್ಣೆಗೊಂದು, ಎರಡು ಬೇರೆ ಬೇರೆ ಅಡುಗೆಮನೆ. ನಮ್ಮಲ್ಲಿ ಮಾಂಸದ ಪಾತ್ರೆಗೆ ಕೆಂಪು ಬಣ್ಣ, ಹಾಲಿನದಕ್ಕೆ ನೀಲಿ. ಮೊದಲ ವಾರವೇ ನಾನು ನೀಲಿ ಹಿಡಿಯ ಸೌಟನ್ನ ಕುದಿಯೋ ಕೋಳಿ ಸೂಪಿಗೆ ಹಾಕ್ಬಿಟ್ಟೆ. ಮಶ್‌ಗಿಯಾಹ್ ಅಂತ ಒಬ್ಬರಿರ್ತಾರೆ, ಕೋಷರ್ ಮೇಲ್ವಿಚಾರಕರು. ಅವರು ಓಡಿ ಬಂದು ಸೌಟು ಕಿತ್ಕೊಂಡ್ರು. ಬೈಲಿಲ್ಲ. ಒಂದು ದಿನ ಪೂರ್ತಿ ಅದನ್ನ ಯಾರೂ ಮುಟ್ಟದ ಹಾಗೆ ಮೂಲೇಲಿಟ್ಟು, ಮರುದಿನ ಕುದಿಯೋ ನೀರಲ್ಲಿ ಮುಳುಗಿಸಿ ವಾಪಸ್ ಕೊಟ್ರು. ಸೂಪಿನ ಗತಿ ಏನು ಅನ್ನೋ ಪ್ರಶ್ನೆ ರಬ್ಬಿ, ಅಂದ್ರೆ ಅವರ ಧರ್ಮಗುರುಗಳ ಮನೆವರೆಗೂ ಹೋಯ್ತು. ನಮ್ಮಜ್ಜಿ ಮುಸುರೆ ಅಂತ ಹಾರಾಡೋದನ್ನ ನೋಡಿ ಬೆಳೆದ ನಂಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಜತೆಗಿದ್ದ ಪೋಲೆಂಡ್ ಹುಡುಗನಿಗೆ ತಲೆಬುಡ ಅರ್ಥ ಆಗ್ಲಿಲ್ಲ.

ಶುಕ್ರವಾರ ಮಧ್ಯಾಹ್ನದ ಗಡಿಬಿಡಿ ನಮ್ಮಲ್ಲಿ ಹಬ್ಬದ ಹಿಂದಿನ ದಿನದಂಗೆ. ಕ್ಯಾಬಿನ್ ಗುಡಿಸಿ, ಸ್ನಾನ ಮುಗಿಸಿ, ಎಲ್ಲರೂ ಬಿಳಿ ಬಟ್ಟೆ ತೊಟ್ಟು ಕೆರೆ ದಂಡೆಗೆ ಬರ್ತಾರೆ. ಸೂರ್ಯ ಮುಳುಗಿದ್ರೆ ಶಬ್ಬತ್, ಅಂದ್ರೆ ಶನಿವಾರ ಕತ್ತಲಾಗೋವರೆಗಿನ ವಾರದ ವಿಶ್ರಾಂತಿ ದಿನ, ಒಲೆ ಹಚ್ಚೋ ಹಾಗಿಲ್ಲ. ಶನಿವಾರದ ಊಟದ ಚೋಲೆಂಟ್, ಅಂದ್ರೆ ಮಾಂಸ, ಕಾಳಿನ ಗಟ್ಟಿ ಸಾರು, ಹಿಂದಿನ ದಿನವೇ ಏರಿಸಿದ್ದು, ರಾತ್ರಿಯಿಡೀ ಸಣ್ಣ ಉರೀಲಿ ಬೇಯುತ್ತೆ. ಶನಿವಾರ ಕತ್ತಲಾದ ಮೇಲೆ ಹವ್ದಾಲಾ, ಶಬ್ಬತ್ ಬೀಳ್ಕೊಡೋ ಆಚರಣೆ. ಜಡೆ ಹೆಣೆದ ಮೇಣದ ಬತ್ತಿ ಹಚ್ಚಿ, ಸುತ್ತ ನಿಂತು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕ್ಕೊಂಡು ಹಾಡ್ತಾರೆ. ಮಸಾಲೆ ಡಬ್ಬಿ ಕೈಯಿಂದ ಕೈಗೆ ಬರುತ್ತೆ, ಮೂಸಿ ಮುಂದೆ ಕೊಡ್ಬೇಕು. ಲವಂಗ, ದಾಲ್ಚಿನ್ನಿ. ಅವರಿಗೆ ವಾರದ ಕೊನೆಯ ನೆನಪು, ನಂಗೆ ಮದುವೆ ಮನೆ ಪಲಾವು. ಕೊನೆಗೆ ಬತ್ತೀನ ದ್ರಾಕ್ಷಿ ರಸದಲ್ಲಿ ಅದ್ದಿದಾಗ ಚುಸ್ ಅಂತ ಒಂದು ಸದ್ದು. ಅದನ್ನ ಕೇಳೋಕೆ ಇನ್ನೂರು ಮಕ್ಕಳು ಉಸಿರು ಹಿಡ್ಕೊಂಡು ನಿಲ್ತಿದ್ರು.

ಬೇಸಿಗೆ ನಡುವೆ ತಿಶಾ ಬಆವ್ ಬರುತ್ತೆ, ಜೆರುಸಲೇಮಿನ ದೇವಾಲಯ ಹಾಳಾದ ದಿನದ ಉಪವಾಸ. ಶಾಲೆಗೆ ರಜ ಇರೋ ಕಾಲ ಆದ್ದರಿಂದ ಕ್ಯಾಂಪ್ ನೋಡದ ಎಷ್ಟೋ ಅಮೆರಿಕನ್ ಯೆಹೂದಿಗಳಿಗೆ ಈ ದಿನದ ಪರಿಚಯವೇ ಕಡಿಮೆ. ಅವತ್ತು ನೆಲದ ಮೇಲೆ ಕೂತು ಟಾರ್ಚ್ ಬೆಳಕಲ್ಲಿ ಶೋಕಗೀತೆ ಓದ್ತಾರೆ. ಅವತ್ತಿಗೆ ಮುಗಿಯೋ ಒಂಬತ್ತು ದಿನ, ಶಬ್ಬತ್ ಬಿಟ್ಟು, ಮಾಂಸ ಇಲ್ಲ. ನಮ್ಮಲ್ಲಿ ಆ ದಿನಗಳಲ್ಲಿ ಬೇಸರ ಇಲ್ಲದೆ ಉಂಡವನು ನಾನೊಬ್ಬನೇ.

ಕಲರ್ ವಾರ್ ಅಂದ್ರೆ ಇಡೀ ಕ್ಯಾಂಪನ್ನ ಬಣ್ಣದ ತಂಡಗಳಾಗಿ ಒಡೆದು ಓಟ, ಈಜು, ಹಗ್ಗ ಜಗ್ಗಾಟ, ಹೊಸ ಹಾಡು ಕಟ್ಟೋದು. ಹೀಬ್ರೂ ಕ್ಯಾಂಪುಗಳಲ್ಲಿ ಮಕ್ಕಬಿಯಾ ಅಂತಾರೆ. ಯಾವತ್ತು ಶುರು ಅನ್ನೋದು ಗುಟ್ಟು. ನಮ್ಮಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಹಳ್ಳಿಯ ಫೈರ್ ಎಂಜಿನ್ ಸೈರನ್ ಹಾಕ್ಕೊಂಡು ಒಳಗೆ ಬಂತು. ಅಡುಗೆಮನೆಗೇ ಬೆಂಕಿ ಬಿತ್ತು ಅಂತ ನಾನು ಬನಿಯನ್ನಲ್ಲೇ ಬಕೆಟ್ ಹಿಡ್ಕೊಂಡು ಓಡಿದೆ. ನೋಡಿದ್ರೆ ಮೇಲೆ ನಿಂತವರು ಮೈಗೆಲ್ಲ ನೀಲಿ ಬಣ್ಣ ಬಳ್ಕೊಂಡ ಮದ್ರಿಖ್‌ಗಳು, ಅಂದ್ರೆ ಮಕ್ಕಳನ್ನ ನೋಡ್ಕೊಳ್ಳೋ ಅಣ್ಣಂದಿರು, ಅಕ್ಕಂದಿರು. ಅದೇ ಬ್ರೇಕ್‌ಔಟ್ ಅಂತೆ. ನನ್ನ ಬಕೆಟ್ಟಿಗೂ ಚಪ್ಪಾಳೆ ಬಿತ್ತು.

ಇನ್ನು ಅಳು. ಮಕ್ಕಳು ಬರೋ ಮುಂಚಿನ ವಾರ ಮಂಚ ಹೊರೋ ಕೆಲಸ ನಮ್ಮದು. ಕ್ಯಾಬಿನ್ನಿನ ತೊಲೆ, ಗೋಡೆ ತುಂಬ ಹೆಸರು, ಇಸವಿ. 1962, 1971, 1988. ಕೆಲವು ಚಾಕೂಲಿ ಕೆತ್ತಿದ್ದು. ಮಕ್ಕಳು ಬಂದ ದಿನ ಒಬ್ಬ ಹುಡುಗ ಚೀಲ ಇಳಿಸದೇನೇ ಮೇಲಿನ ಮಂಚ ಹತ್ತಿ ತೊಲೆ ಮೇಲೆ ಬೆರಳಾಡಿಸ್ತಾ ಅಪ್ಪನ ಹೆಸರು ಹುಡುಕ್ತಿದ್ದ. ನಿಮ್ಮ ಪಕ್ಕದ ಮನೆ ಹುಡುಗಿಯ ಅಳುವೂ ಇಂಥ ನಂಟಿನದೇ ಇರಬೇಕು.

ಮಿಲ್ಪಿಟಾಸ್_ಮೂರ್ತಿ:

ಮಾಣಿ ಚೆನ್ನಾಗಿ ಬರೆದಿದಾರೆ, ಆದ್ರೆ ಎಲ್ಲಾ ಕ್ಯಾಂಪೂ ಪ್ರಾರ್ಥನೆ, ಹೀಬ್ರೂ ಅಲ್ಲ. 1923ರಲ್ಲೇ ಎಡಪಂಥದವರ ಕಿಂಡರ್‌ಲ್ಯಾಂಡ್ ಹುಟ್ಟಿತ್ತು, ಯಿಡ್ಡಿಶ್, ಅಂದ್ರೆ ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತಿನ ಬೊಯ್ಬೆರಿಕ್ ಕ್ಯಾಂಪ್ ಇತ್ತು. ಬೊಯ್ಬೆರಿಕ್ 1979ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಯೋಗ, ಧ್ಯಾನದ ಕೇಂದ್ರ. ಇನ್ನೊಂದು: ಅಮೆರಿಕದ ಹಳೇ ಕ್ಯಾಂಪುಗಳ ಹಾಗೆ ಇವರಲ್ಲೂ ಎಷ್ಟೋ ಕಡೆ ಮೂಲನಿವಾಸಿಗಳ ಹೆಸರು, ಗರಿ ಕಿರೀಟ, ಬೆಂಕಿ ಸುತ್ತ ಕುಣಿತ ಎಲ್ಲ ಎರವಲು ತಂದು ಸಂಪ್ರದಾಯ ಅಂದ್ಕೊಂಡಿದ್ರು. ಅದನ್ನೂ ಹೇಳ್ಬೇಕು.

ಎಡಿಸನ್_ಅಮ್ಮ:

ಮಾಣಿಯವರೇ, ಓದಿ ಯಜಮಾನರಿಗೂ ಓದಿ ಹೇಳಿದೆ. ನನ್ನ ಮಗಳನ್ನ ಸೇರಿಸ್ಕೋತಾರಾ?

ಸಾಗರದ_ಮಾಣಿ:

ಮೂರ್ತಿಯವರೇ, ಒಪ್ಪಿದೆ. ನಾನು ನೋಡಿದ್ದು ಒಂದೇ ಕ್ಯಾಂಪ್, ಅದೂ ಸಿಂಕಿನ ಕಡೆಯಿಂದ.

ಅಕ್ಕಾ, ರಾಮಾದಂಥವು ಯೆಹೂದಿ ಮಕ್ಕಳಿಗೆ ಅಂತಲೇ ಇರೋದು. ನಿಮ್ಮೂರಲ್ಲಿ ಯೆಹೂದಿ ಕಮ್ಯೂನಿಟಿ ಸೆಂಟರ್ ಇದ್ರೆ ಅವರ ಡೇ ಕ್ಯಾಂಪ್ ಬಗ್ಗೆ ಕೇಳಿ ನೋಡಿ, ಸಂಜೆ ಮನೆಗೆ ಬರ್ತಾಳೆ. ಮುಂದಿನ ಬೇಸಿಗೇಲಿ ಗೆಳತಿಗೆ ಕಾಗದ ಬರೆಯೋಕೆ ಹೇಳಿ. ಊಟ ಆದ್ಮೇಲೆ ಮೆನುಖಾ ಅಂತ ಒಂದು ಗಂಟೆ ವಿಶ್ರಾಂತಿ, ಟಪಾಲು ಬಂತು ಅಂದ್ರೆ ಆಗ ಮಂಚದ ಮೇಲೆ ಉರುಳಾಡ್ಕೊಂಡು ಅದನ್ನೇ ಓದ್ತಿರ್ತಾರೆ. ಆದ್ರೆ ಪಾರ್ಸೆಲ್‌ನಲ್ಲಿ ಕೋಡುಬಳೆ, ಚಕ್ಕುಲಿ ಹಾಕ್ಬೇಡಿ. ಕೋಷರ್ ಮುದ್ರೆ ಇಲ್ಲದ ತಿಂಡಿ ಒಳಗೆ ಬಿಡಲ್ಲ. ನಮ್ಮಮ್ಮ ಕಳಿಸಿದ ಒಂದು ಡಬ್ಬ ಚಕ್ಕುಲೀನ ನಾನು ಗೇಟಿನಾಚೆ, ರಸ್ತೆ ಬದೀಲಿ ಕೂತು ಒಬ್ಬನೇ ಮುಗಿಸ್ಬೇಕಾಯ್ತು.