ಪಿಸಿಆರ್ ಪಾಸಿಟಿವ್, ಟಾಕ್ಸಿನ್ ನೆಗೆಟಿವ್: ಯಾವುದನ್ನು ನಂಬಬೇಕು?

ಪ್ರಶ್ನೆ: ಅಮ್ಮನಿಗೆ 68 ವರ್ಷ. ನ್ಯುಮೋನಿಯಾಗೆ ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಭೇದಿ ಶುರುವಾಯಿತು. ಮಲ ಪರೀಕ್ಷೆಯ ರಿಪೋರ್ಟ್‌ನಲ್ಲಿ ‘ಸಿ. ಡಿಫಿಸಿಲ್ ಪಿಸಿಆರ್ ಪಾಸಿಟಿವ್, ಟಾಕ್ಸಿನ್ ನೆಗೆಟಿವ್’ ಎಂದಿದೆ. ಲ್ಯಾಬ್‌ನವರು ಏನಾದರೂ ತಪ್ಪು ಮಾಡಿದ್ದಾರಾ?

ಉತ್ತರ (ಮೈಕ್ರೋಬಯಾಲಜಿಸ್ಟ್): ತಪ್ಪೇ ಆಗಿರಬೇಕಿಲ್ಲ. ಸಿ. ಡಿಫಿಸಿಲ್ ಎಂದರೆ ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಭೇದಿ ತರಬಲ್ಲ ಒಂದು ಬ್ಯಾಕ್ಟೀರಿಯಾ; ಅದು ಬಿಡುವ ವಿಷವೇ ಟಾಕ್ಸಿನ್. ಎರಡು ಪರೀಕ್ಷೆಗಳು ಹುಡುಕುವುದು ಬೇರೆ ಬೇರೆ. ಟಾಕ್ಸಿನ್ ಪರೀಕ್ಷೆ ಮಲದಲ್ಲಿ ವಿಷವೇ ಇದೆಯಾ ಎಂದು ನೋಡುತ್ತದೆ. ಪಿಸಿಆರ್ ನೋಡುವುದು ಆ ವಿಷ ತಯಾರಿಸುವ ಜೀನ್. ಹೆಚ್ಚಿನ ಕಿಟ್‌ಗಳು ಟಾಕ್ಸಿನ್ ಬಿ ತಯಾರಿಸುವ ಟಿಸಿಡಿಬಿ ಎಂಬ ಜೀನ್ ಹುಡುಕುತ್ತವೆ. ಕಾರಣ ಇದೆ: ಕೆಲವು ತಳಿಗಳು ಟಾಕ್ಸಿನ್ ಎ ಮಾಡುವುದೇ ಇಲ್ಲ, ಬರೀ ಬಿ ಯಿಂದಲೇ ಕಾಯಿಲೆ ತರುತ್ತವೆ.

ಪಿಸಿಆರ್ ತುಂಬಾ ಸೂಕ್ಷ್ಮ. ಚೂರು ಡಿಎನ್‌ಎ ಸಿಕ್ಕರೂ ಅದನ್ನು ಪದೇ ಪದೇ ನಕಲು ಮಾಡಿ ಹಿಡಿದುಬಿಡುತ್ತದೆ. ಆದರೆ ಜೀನ್ ಇದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಈಗ ವಿಷ ಬಿಡುತ್ತಿದೆ ಎಂದರ್ಥವಲ್ಲ. ಆರೋಗ್ಯವಾಗಿರುವವರ ಕರುಳಲ್ಲೂ ಇದು ಸುಮ್ನೆ ಇರಬಹುದು. ಒಂದು ವರ್ಷದೊಳಗಿನ ಮಕ್ಕಳಲ್ಲಂತೂ ಜಾಸ್ತಿ. ಇನ್ನೊಂದು ಕಡೆ, ಟಾಕ್ಸಿನ್ ಪರೀಕ್ಷೆ ನಿಜವಾದ ಕಾಯಿಲೆಯನ್ನೂ ಕೆಲವೊಮ್ಮೆ ಹಿಡಿಯದೆ ಬಿಟ್ಟುಬಿಡುತ್ತದೆ. ಮಾದರಿಯನ್ನು ಹೊರಗೇ ಬಿಟ್ಟರೆ ವಿಷ ಬೇಗ ಒಡೆದುಹೋಗುತ್ತದೆ. ಅದಕ್ಕೇ ಎಷ್ಟೋ ಲ್ಯಾಬ್‌ಗಳು ಮೊದಲು ಜಿಡಿಎಚ್ (ಈ ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವ) ಮತ್ತು ಟಾಕ್ಸಿನ್ ನೋಡಿ, ಅವೆರಡೂ ಹೊಂದದಿದ್ದಾಗ ಪಿಸಿಆರ್ ಮಾಡುತ್ತವೆ.

ಹಾಗಾಗಿ ನಾನು ಕೇಳುವುದು ಇದನ್ನೇ: ಅಮ್ಮನಿಗೆ ದಿನಕ್ಕೆ ಎಷ್ಟು ಸಲ ನೀರಾಗಿ ಹೋಗುತ್ತಿದೆ? 24 ಗಂಟೆಯಲ್ಲಿ 3 ಅಥವಾ ಜಾಸ್ತಿ ಸಲವಾ? ಜ್ವರ, ಹೊಟ್ಟೆನೋವು?

ಪ್ರಶ್ನೆ: ದಿನಕ್ಕೆ ಏಳೆಂಟು ಸಲ. ಸ್ವಲ್ಪ ಜ್ವರವೂ ಇದೆ.

ಉತ್ತರ: ಹಾಗಿದ್ದರೆ ಟಾಕ್ಸಿನ್ ನೆಗೆಟಿವ್ ಎಂದು ಸಮಾಧಾನ ಪಡಬೇಡಿ. ಇವತ್ತೇ ವೈದ್ಯರಿಗೆ ತೋರಿಸಿ. ಬಿಳಿ ರಕ್ತಕಣಗಳ ಎಣಿಕೆ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಿ ತೀವ್ರತೆ ಅಳೆಯುತ್ತಾರೆ. ಬೇಕಾದರೆ ಬಾಯಿಂದ ಕೊಡುವ ವ್ಯಾಂಕೋಮೈಸಿನ್‌ನಂಥ ಔಷಧ ಶುರು ಮಾಡುತ್ತಾರೆ. ಹಳೆಯ ಆಂಟಿಬಯೋಟಿಕ್ ನಿಲ್ಲಿಸಬಹುದಾ ಎಂದೂ ಕೇಳಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ದಯವಿಟ್ಟು.

ಇನ್ನೊಬ್ಬ ಸದಸ್ಯರು: ಔಷಧ ಮುಗಿದ ಮೇಲೆ ಮತ್ತೆ ಪಿಸಿಆರ್ ಮಾಡಿಸಬೇಕಲ್ವಾ?

ಉತ್ತರ: ಬೇಡ. ಭೇದಿ ನಿಂತರೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಆ ರಿಪೋರ್ಟ್ ನೋಡಿ ಮತ್ತೆ ಔಷಧ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಏಟು. ಗಟ್ಟಿ ಮಲವನ್ನು ಪರೀಕ್ಷೆಗೆ ಕಳಿಸಲೇಬಾರದು. ಭೇದಿ ಮರುಕಳಿಸಿದರೆ ಮಾತ್ರ ಪರೀಕ್ಷೆ. ಮನೆಯವರೆಲ್ಲ ಸೋಪು, ನೀರು ಹಾಕಿ ಕೈ ತೊಳೆಯಿರಿ. ಇದರ ಬೀಜಕಣಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ.