ಸಿಒಪಿಡಿ: ಇನ್‌ಹೇಲರ್ ಎಳೆದರೂ ಏದುಸಿರು ಇಳಿಯುತ್ತಿಲ್ಲ, ಆಕ್ಸಿಜನ್ ಏರಿಸಬಹುದಾ?

ತುಂಗಾತೀರ:
ಅಮ್ಮನಿಗೆ 68. ಸ್ಪೈರೋಮೆಟ್ರಿಯಲ್ಲಿ (ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ) ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಅಂತ ಬಂದಿದೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಸೌದೆ ಒಲೆ ಊದಿದ್ದಷ್ಟೇ. ದಿನಕ್ಕೆರಡು ಸಲ ಕ್ಯಾಪ್ಸೂಲ್ ಹಾಕಿ ಎಳೆಯುವ ಇನ್‌ಹೇಲರ್. ಎಳೆದ ಮೇಲೂ ಒಳಗೆ ಪುಡಿ ಉಳಿದಿರುತ್ತದೆ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷೀನು) ಇದೆ, ಡಾಕ್ಟರ್ ನಿಮಿಷಕ್ಕೆ 1 ಲೀಟರ್ ಹೇಳಿದ್ದಾರೆ. ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಶೇ. 90 ತೋರಿಸುತ್ತೆ. 3 ಲೀಟರ್‌ಗೆ ಏರಿಸಿ 98 ಮಾಡಬಹುದಾ?

ಶ್ವಾಸಬಂಧು:
ದಯವಿಟ್ಟು ಏರಿಸಬೇಡಿ. ಈ ಕಾಯಿಲೆ ಬಲಿತ ಹಲವರಲ್ಲಿ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ. ಆಕ್ಸಿಜನ್ ಅತಿಯಾದರೆ ಅದು ರಕ್ತದಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ. ಬೆಳಗ್ಗೆ ತಲೆನೋವು, ಹಗಲೆಲ್ಲ ಮಂಪರು, ಕರೆದರೂ ಸರಿಯಾಗಿ ಓಗೊಡದಿರುವುದು ಅದರ ಗುರುತು. ಇಂಥವರಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ಅಂದರೆ 90 ಒಳ್ಳೆಯ ಅಂಕಿಯೇ.

ದಿನವಿಡೀ ಬೇಕು ಅಂತ ಬರೆದುಕೊಟ್ಟಿದ್ದರೆ ಗಮನ ಕೊಡಬೇಕಾದದ್ದು ಲೀಟರಿಗಲ್ಲ, ಗಂಟೆಗೆ: ರಾತ್ರಿಯೂ ಸೇರಿ ಕನಿಷ್ಠ 15 ಗಂಟೆ. ಉಸಿರು ಕಟ್ಟಿದಾಗ ಹತ್ತು ನಿಮಿಷ ಹಾಕಿ ತೆಗೆದಿಟ್ಟರೆ ಹೃದಯಕ್ಕೆ ಬೀಳುವ ಹೊರೆ ಇಳಿಯುವುದಿಲ್ಲ. ಮಷೀನು ಓಡುವಾಗ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಹತ್ತಿರ ಕೂರಿಸಲೇಬೇಡಿ. ಮೂಗು ಒಣಗಿದರೆ ವ್ಯಾಸಲಿನ್ ಬೇಡ, ನೀರಿನಂಶದ ಜೆಲ್ ಹಚ್ಚಿ.

ಮದ್ದಿನಂಗಡಿ:
ಪುಡಿ ಉಳಿಯುತ್ತಿದೆ ಅಂದರೆ ಮದ್ದು ಶ್ವಾಸಕೋಶ ತಲುಪುತ್ತಿಲ್ಲ. ಕ್ಯಾಪ್ಸೂಲ್ ಇನ್‌ಹೇಲರ್‌ಗೆ ಜೋರಾದ, ಉದ್ದನೆಯ ಎಳೆತ ಬೇಕು. ಮೊದಲು ಉಸಿರನ್ನು ಪೂರ್ತಿ ಹೊರಬಿಡಬೇಕು, ಆದರೆ ಸಾಧನದೊಳಗೆ ಅಲ್ಲ! ಬಾಯಿಯ ತೇವ ತಗುಲಿದರೆ ಪುಡಿ ಗಂಟು ಕಟ್ಟುತ್ತದೆ. ಕೈ ಒದ್ದೆಯಿದ್ದಾಗ ಕ್ಯಾಪ್ಸೂಲ್ ಮುಟ್ಟಿದರೂ ಅದೇ ಗತಿ. ಎಳೆದು 10 ಸೆಕೆಂಡು ಉಸಿರು ಹಿಡಿಯಲಿ. ಪುಡಿ ಕಂಡರೆ ಅದೇ ಕ್ಯಾಪ್ಸೂಲನ್ನು ಇನ್ನೊಮ್ಮೆ ಎಳೆಯಲಿ. ಮದ್ದಿನಲ್ಲಿ ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ.

ತುಂಗಾತೀರ:
ಅಷ್ಟು ಜೋರಾಗಿ ಎಳೆಯೋಕೆ ಅವರಿಂದ ಆಗಲ್ಲ ಸರ್.

ಮದ್ದಿನಂಗಡಿ:
ಹಾಗಾದರೆ ಪಂಪ್ (ಒತ್ತಿದರೆ ಮದ್ದು ಚಿಮ್ಮುವ ಇನ್‌ಹೇಲರ್) ಮತ್ತು ಸ್ಪೇಸರ್‌ಗೆ (ಅದರ ತುದಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ. ಅದರ ಕ್ರಮ ಇದಕ್ಕೆ ತದ್ವಿರುದ್ಧ: ಪಂಪ್ ಚೆನ್ನಾಗಿ ಕುಲುಕಿ, ಒಂದೇ ಸಲ ಒತ್ತಿ, ನಿಧಾನವಾಗಿ 4–5 ಸೆಕೆಂಡು ಎಳೆದು, 10 ಸೆಕೆಂಡು ಹಿಡಿಯುವುದು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಸ್ಪೇಸರನ್ನು ಪಾತ್ರೆ ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒಳಗೆ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಮದ್ದೆಲ್ಲ ಗೋಡೆಗೇ ಅಂಟುತ್ತದೆ.

ಉಸಿರಾಟ_ಫಿಸಿಯೋ:
ಏದುಸಿರು ಬಂದಾಗ ಮುಂದಕ್ಕೆ ಬಾಗಿ ಕೂತು, ಮೊಣಕೈ ತೊಡೆಗೆ ಊರಲಿ. ಮೂಗಿನಿಂದ ಎರಡು ಎಣಿಕೆ ಒಳಗೆ, ಬಿಸಿ ಕಾಫಿ ಆರಿಸುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಕೆ ಹೊರಗೆ. ಹೀಗೆ ಬಿಟ್ಟರೆ ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಮೆಟ್ಟಿಲು ಹತ್ತುವಾಗಲೂ ಅಷ್ಟೇ, ಉಸಿರು ಬಿಡುತ್ತಾ ಹೆಜ್ಜೆ ಇಡಲಿ. ಸ್ನಾನಕ್ಕೆ ಸ್ಟೂಲ್ ಹಾಕಿಕೊಡಿ. ಬಚ್ಚಲ ಒಲೆಗೆ ಇನ್ನೂ ಸೌದೆ ಉರಿಸುತ್ತಿದ್ದರೆ ಅದನ್ನೂ ನಿಲ್ಲಿಸಿ. ಎಷ್ಟೋ ಮನೆಗಳಲ್ಲಿ ಅಡುಗೆ ಗ್ಯಾಸಿಗೆ ಬಂದರೂ ಆ ಹೊಗೆ ಮಾತ್ರ ಹಾಗೇ ಉಳಿದಿರುತ್ತದೆ.

ಕಫ ಹೆಚ್ಚಾಗಿ ಹಳದಿ ಅಥವಾ ಹಸಿರಿಗೆ ತಿರುಗಿ, ಏದುಸಿರೂ ಏರಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಮುಗಿಸಲಾಗದಿದ್ದರೆ, ಮಂಪರು ಹತ್ತಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್‌ನವರಿಗೆ ಸಿಒಪಿಡಿ, ಮನೆಯಲ್ಲಿ 1 ಲೀಟರ್ ಆಕ್ಸಿಜನ್ ಅಂತ ಮೊದಲೇ ಹೇಳಿ.